ಮುಟ್ಟಬೇಡಿ, ಆದ್ರೆ ನೋಡಿ: ಡೇಟಾಬೇಸ್ ಲೈಬ್ರರಿಯ ಹೊಟ್ಟೆಯೊಳಗೆ



ಈ ಸಲ ಸ್ವಲ್ಪ ಟೆಕ್ನಿಕಲ್ ಬರಹ. ಕವನ, ಪ್ರವಾಸ ಕಥನ ಓದೋಕೆ ಅಂತ ಬಂದವರು ದಯವಿಟ್ಟು ಓಡಿ ಹೋಗಬೇಡಿ :-) ನಮ್ಮ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗೋ ವಿಷಯವೂ ಮುಂದೆ ಬರುತ್ತೆ, ಅಲ್ಲಿವರೆಗಾದ್ರೂ ಜೊತೆಗಿರಿ. ಫಂಕ್ಷನ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ. ಸಿ ಗೊತ್ತಿರೋರಿಗೆ ಯಾವುದು ಅಂತ ಹೊಳೆದೇ ಹೊಳೆಯುತ್ತೆ.

ಡೇಟಾಬೇಸ್ ಅಂದ ಕೂಡಲೇ ಎಲ್ಲರೂ ಮಾತಾಡೋದು ಸರ್ವರ್ ಬಗ್ಗೆ. ಇಂಡೆಕ್ಸ್ ಹಾಕಿದ್ಯಾ, ಕ್ವೆರಿ ಯಾಕೆ ನಿಧಾನ, ಬ್ಯಾಕಪ್ ತಗೊಂಡ್ಯಾ... ಆದ್ರೆ ನಮ್ಮ ಪ್ರೋಗ್ರಾಮಿಗೂ ಆ ಸರ್ವರ್‌ಗೂ ಮಧ್ಯೆ ಒಂದು ಲೈಬ್ರರಿ ಸದ್ದಿಲ್ಲದೆ ಕೂತಿರುತ್ತೆ. ಕ್ವೆರಿಯನ್ನ ಪ್ಯಾಕೆಟ್ ಮಾಡಿ ಕಳಿಸೋದು, ವಾಪಸ್ ಬಂದ ಬೈಟ್‌ಗಳನ್ನ ಬಿಡಿಸಿ ಸಾಲು, ಕಾಲಂ ಅಂತ ಜೋಡಿಸಿ ನಮ್ಮ ಕೈಗೆ ಕೊಡೋದು ಅದರ ಕೆಲಸ. ಸಿ ಭಾಷೆಯಲ್ಲಿ ಬರೆದ ಇಂಥವುಗಳಲ್ಲಿ ಎರಡು ದೊಡ್ಡ ಹೆಸರು: ಮೈಸೀಕ್ವೆಲ್‌ನ ಲಿಬ್‌ಮೈಸೀಕ್ವೆಲ್‌ಕ್ಲೈಂಟ್, ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯೂ. ನೀವು ಪೈಥಾನ್‌ನಲ್ಲಿ ಬರೀರಿ, ಪರ್ಲ್‌ನಲ್ಲಿ ಬರೀರಿ, ಎಷ್ಟೋ ಸಲ ಕೆಳಗಡೆ ದುಡಿಯೋದು ಇವೇ. ಪಿಎಚ್‌ಪಿ ಕೂಡ 5.3ರಲ್ಲಿ (2009) ತನ್ನದೇ ಡ್ರೈವರ್ ತರೋವರೆಗೆ ಈ ಮೈಸೀಕ್ವೆಲ್ ಲೈಬ್ರರಿ ಮೇಲೇ ನಿಂತಿತ್ತು. ಅಂದ್ರೆ ಆ ಕಾಲದ ವರ್ಡ್‌ಪ್ರೆಸ್ ಬ್ಲಾಗುಗಳ ಪ್ರತಿ ಸಾಲೂ ಇದರ ಕೈ ದಾಟಿಯೇ ಬರ್ತಿತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇಂಥ ಲೈಬ್ರರಿ ಬರೆಯೋರು ತಮ್ಮ ಒಳಗಿನ ಸ್ಟ್ರಕ್ಟ್‌ಗಳನ್ನ ಮುಚ್ಚಿಡಬೇಕು, ಆದ್ರೆ ಬೇಕಾದಷ್ಟು ಬಾಗಿಲು ಇಡಬೇಕು. ಬಳಸೋ ನಾವು ಆ ಸ್ಟ್ರಕ್ಟ್‌ಗಳನ್ನ ಮುಟ್ಟಬಾರದು, ಆದ್ರೆ ಓದದೇ ಇರಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಎಲ್ಲೋ ಒಂದು ಕಡೆ ಡೇಟಾ ಹಾಳಾಗುತ್ತೆ. ಹೇಗೆ ಅಂತ ನೋಡೋಣ.

ಬಾಗಿಲು ತೆಗೆದಿಟ್ಟ ಮನೆ

ಮೈಸೀಕ್ವೆಲ್‌ನ ಹೆಡರ್ ಫೈಲ್ ತೆಗೆದ್ರೆ ಕನೆಕ್ಷನ್‌ನ ಸ್ಟ್ರಕ್ಟ್ ಪೂರ್ತಿ ಬಿಚ್ಚಿಟ್ಟಿದ್ದಾರೆ. ಹೋಸ್ಟ್ ಹೆಸರು, ಯೂಸರ್ ಹೆಸರು, ಪಾಸ್‌ವರ್ಡ್, ಕ್ಯಾರೆಕ್ಟರ್ ಸೆಟ್, ಕೊನೆಯ ಕ್ವೆರಿಯಿಂದ ಎಷ್ಟು ಸಾಲು ಬದಲಾಯ್ತು, ಕೊನೆಯ ಇನ್ಸರ್ಟ್‌ನ ಐಡಿ, ಈಗ ಕನೆಕ್ಷನ್ ಯಾವ ಸ್ಥಿತಿಯಲ್ಲಿದೆ, ಎಲ್ಲಾ ಅಲ್ಲೇ. ಈ ಸ್ಟ್ರಕ್ಟನ್ನ ನೀವೇ ಸ್ಟ್ಯಾಕ್ ಮೇಲೆ ಡಿಕ್ಲೇರ್ ಮಾಡಿ ಅದರ ವಿಳಾಸವನ್ನ ಇನಿಟ್ ಫಂಕ್ಷನ್‌ಗೆ ಕೊಡಬಹುದು. ಇಲ್ಲಾ ನಲ್ ಕೊಟ್ರೆ ಲೈಬ್ರರಿಯೇ ಜಾಗ ಮಾಡಿಕೊಡುತ್ತೆ. ಯಾರು ಜಾಗ ಮಾಡಿದ್ದು ಅಂತ ನೆನಪಿಡೋಕೆ ಸ್ಟ್ರಕ್ಟ್ ಒಳಗೇ 'ಫ್ರೀ ಮೀ' ಅಂತ ಒಂದು ಪುಟ್ಟ ಫೀಲ್ಡ್ ಇದೆ. ಕ್ಲೋಸ್ ಮಾಡುವಾಗ ಅದನ್ನ ನೋಡಿ ತನ್ನನ್ನ ತಾನೇ ಫ್ರೀ ಮಾಡಿಕೊಳ್ಳಬೇಕಾ ಬೇಡವಾ ಅಂತ ತೀರ್ಮಾನ ಆಗುತ್ತೆ.

ಇಷ್ಟು ಬಿಚ್ಚಿಟ್ಟಿದ್ದರ ಹಿಂದೆ ಒಂದು ಇತಿಹಾಸ ಇದೆ. ಮೈಸೀಕ್ವೆಲ್ ಹುಟ್ಟಿದ್ದು 1995ರಲ್ಲಿ. ಆಗ ಎಂಎಸ್‌ಕ್ಯೂಎಲ್ ಅಂತ ಇನ್ನೊಂದು ಪುಟ್ಟ ಡೇಟಾಬೇಸ್ ಜನಪ್ರಿಯವಾಗಿತ್ತು. ಅದಕ್ಕೆ ಬರೆದ ಪ್ರೋಗ್ರಾಮುಗಳನ್ನ ಸುಲಭವಾಗಿ ಈ ಕಡೆ ತರೋ ಹಾಗಿರಲಿ ಅಂತ ಸಿ ಇಂಟರ್‌ಫೇಸನ್ನ ಹೆಚ್ಚುಕಡಿಮೆ ಅದೇ ಥರ ಮಾಡಿದ್ರು. ಆ ಕಾಲಕ್ಕೆ ಸರಿಯಾದ ನಿರ್ಧಾರವೇ. ಜನ ಬೇಕಿದ್ರು, ಜನ ಬಂದ್ರು.

ಈಗ ರಿಸಲ್ಟ್‌ಗೆ ಬರೋಣ. 'ಸ್ಟೋರ್ ರಿಸಲ್ಟ್' ಅಂತ ಕರೆದ್ರೆ ಸರ್ವರ್ ಕಳಿಸಿದ ಎಲ್ಲಾ ಸಾಲುಗಳೂ ನಮ್ಮ ಮೆಮೊರಿಗೆ ಬಂದು ಕೂರ್ತವೆ. ಯಾವ ರೂಪದಲ್ಲಿ? ನಾವೆಲ್ಲಾ ಮೂರನೇ ಸೆಮಿಸ್ಟರ್ ಲ್ಯಾಬ್‌ನಲ್ಲಿ ಬಾಯಿಪಾಠ ಹೊಡೆದು ರೆಕಾರ್ಡ್ ಬರೆದಿದ್ವಲ್ಲ, ಅದೇ ಸಿಂಗ್ಲಿ ಲಿಂಕ್ಡ್ ಲಿಸ್ಟ್! ಒಂದು ನೋಡ್ ಅಂದ್ರೆ ಒಂದು ಸಾಲು. ಅದರಲ್ಲಿ ಮುಂದಿನ ನೋಡ್‌ಗೆ ಪಾಯಿಂಟರ್, ಈ ಸಾಲಿನ ಡೇಟಾಕ್ಕೆ ಪಾಯಿಂಟರ್.

ಸಾಲಿನ ಡೇಟಾ ಇನ್ನೂ ಮಜವಾಗಿದೆ. ಒಂದೇ ತುಂಡು ಮೆಮೊರಿ. ಅದರ ಮೊದಲ ಭಾಗದಲ್ಲಿ ಕಾಲಂಗೊಂದರಂತೆ ಪಾಯಿಂಟರ್‌ಗಳು, ಜೊತೆಗೆ ಕೊನೆಯಲ್ಲಿ ಒಂದು ಹೆಚ್ಚಿನ ಪಾಯಿಂಟರ್. ಅದರ ಬೆನ್ನಿಗೇ ಕಾಲಂಗಳ ಬೈಟ್‌ಗಳು, ಮಧ್ಯೆ ಮಧ್ಯೆ ಒಂದೊಂದು ಸೊನ್ನೆ ಬೈಟ್. ಕಾಲಂ ಎಷ್ಟು ಉದ್ದ ಅಂತ ಎಲ್ಲೂ ಬರೆದಿಟ್ಟಿಲ್ಲ! ನೀವು ಉದ್ದ ಕೇಳಿದಾಗ ಮುಂದಿನ ಕಾಲಂನ ಪಾಯಿಂಟರ್‌ನಿಂದ ಈ ಕಾಲಂನ ಪಾಯಿಂಟರ್ ಕಳೆದು, ಇನ್ನೊಂದು ಕಳೆದ್ರೆ ಉತ್ತರ ಬಂತು. ಆ ಹೆಚ್ಚಿನ ಪಾಯಿಂಟರ್ ಇರೋದು ಕೊನೆಯ ಕಾಲಂನ ಲೆಕ್ಕಕ್ಕೆ. ಎಷ್ಟು ಉಳಿತಾಯ ನೋಡಿ!

ಈ ಜಾಣತನದಲ್ಲೇ ಒಂದು ಹೊಂಡವೂ ಇದೆ. ನಮ್ಮ ಕೈಗೆ ಸಿಗೋದು ಆ ಪಾಯಿಂಟರ್‌ಗಳ ಸಾಲೇ, ಅದರ ಪ್ರತಿ ಅಲ್ಲ. ಯಾರೋ ಎರಡನೇ ಕಾಲಂನ ಮುಂದಿರೋ ಎರಡು ಸ್ಪೇಸ್ ಬಿಡೋಣ ಅಂತ ಆ ಪಾಯಿಂಟರನ್ನೇ ಎರಡು ಹೆಜ್ಜೆ ಮುಂದೆ ತಳ್ಳಿದ್ರು ಅಂತಿಟ್ಕೊಳ್ಳಿ. ಆಮೇಲೆ ಉದ್ದ ಕೇಳಿದ್ರೆ ಮೊದಲನೇ ಕಾಲಂನ ಉದ್ದ ಎರಡು ಜಾಸ್ತಿ ತೋರಿಸುತ್ತೆ! ಮುಟ್ಟಿದ್ದು ಎರಡನೇದು, ಕೆಟ್ಟಿದ್ದು ಒಂದನೇದು. ಕಂಪೈಲರ್ ಒಂದು ಮಾತೂ ಆಡಲ್ಲ.

ಬೀಗ ಹಾಕಿದ ಮನೆ

ಲಿಬ್‌ಪಿಕ್ಯೂ ಹೆಡರ್ ತೆಗೆದ್ರೆ ಏನೂ ಕಾಣಲ್ಲ. 'ಪಿಜಿಕಾನ್' ಅಂತ ಒಂದು ಸ್ಟ್ರಕ್ಟ್ ಇದೆ, 'ಪಿಜಿರಿಸಲ್ಟ್' ಅಂತ ಇನ್ನೊಂದಿದೆ ಅಂತ ಹೆಸರು ಮಾತ್ರ ಹೇಳಿ ಸುಮ್ಮನಾಗುತ್ತೆ. ಒಳಗೇನಿದೆ ಅನ್ನೋದು ಬೇರೆ ಒಂದು ಒಳಗಿನ ಹೆಡರ್‌ನಲ್ಲಿದೆ. ನಿಮಗೆ ಸಿಗೋದು ಪಾಯಿಂಟರ್ ಮಾತ್ರ. ಅಳತೆ ಗೊತ್ತಿಲ್ಲದ ಮೇಲೆ ಸ್ಟ್ಯಾಕ್ ಮೇಲೆ ಡಿಕ್ಲೇರ್ ಮಾಡೋಕೇ ಆಗಲ್ಲ. ಏನು ಬೇಕಾದ್ರೂ ಫಂಕ್ಷನ್ ಮೂಲಕವೇ ಕೇಳಬೇಕು.

ಒಳಗಿನ ಜೋಡಣೆಯೂ ಬೇರೆ. ಸಾಲುಗಳು ಇಲ್ಲಿ ಲಿಂಕ್ಡ್ ಲಿಸ್ಟ್ ಅಲ್ಲ, ಅರೇ. ಮೊದಲು 128 ಸಾಲಿಗೆ ಜಾಗ, ಸಾಲದಿದ್ರೆ ದುಪ್ಪಟ್ಟು, ಮತ್ತೆ ದುಪ್ಪಟ್ಟು. ಪ್ರತಿ ಮೌಲ್ಯಕ್ಕೂ ಉದ್ದ ಮತ್ತು ಪಾಯಿಂಟರ್ ಇರೋ ಒಂದು ಪುಟ್ಟ ಜೋಡಿ. ಸಣ್ಣ ಮೌಲ್ಯಗಳಿಗೆಲ್ಲಾ ಒಂದೊಂದು ಮ್ಯಾಲಕ್ ಮಾಡ್ತಾ ಕೂರಲ್ಲ. 2048 ಬೈಟ್‌ಗಳ ಒಂದು ಬ್ಲಾಕ್ ತಗೊಂಡು ಅದರಲ್ಲೇ ಒಂದರ ಪಕ್ಕ ಒಂದು ತುಂಬಿಸುತ್ತೆ. ದೊಡ್ಡ ಮೌಲ್ಯ ಬಂದ್ರೆ ಅದಕ್ಕೇ ಪ್ರತ್ಯೇಕ ಬ್ಲಾಕ್. ಕೊನೆಗೆ 'ಕ್ಲಿಯರ್' ಅಂದಾಗ ಬ್ಲಾಕ್‌ಗಳನ್ನ ಬಿಟ್ಟುಬಿಟ್ರೆ ಆಯ್ತು, ಸಾವಿರಾರು ಫ್ರೀ ಬೇಡ. (ಮೈಸೀಕ್ವೆಲ್ ಕೂಡ 'ಮೆಮ್ ರೂಟ್' ಅನ್ನೋ ಹೆಸರಲ್ಲಿ ಇದೇ ಥರದ ಉಪಾಯ ಮಾಡುತ್ತೆ.)

ಈಗ ಒಂದು ಲೆಕ್ಕ ನೋಡಿ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿ ಹೆಸರಿನ ಕೊನೆಗೆ ಒಂದು ನಂಬರ್ ಇರುತ್ತೆ. ಹಳೆಯ ಪ್ರೋಗ್ರಾಮ್‌ಗಳ ಜೊತೆ ಹೊಂದಾಣಿಕೆ ಮುರಿದಾಗ ಆ ನಂಬರ್ ಬದಲಾಗುತ್ತೆ. ಮೈಸೀಕ್ವೆಲ್ 5.0ರಲ್ಲಿ (2005) ಅದು 15. 5.1ರಲ್ಲಿ 16, 5.5ರಲ್ಲಿ 18, 5.7ರಲ್ಲಿ 20, 8.0ರಲ್ಲಿ (2018) 21. ಲಿಬ್‌ಪಿಕ್ಯೂ? ಪೋಸ್ಟ್‌ಗ್ರೆಸ್ 8.2ರಲ್ಲಿ (2006) ನಂಬರ್ 5 ಆಯ್ತು. ಇವತ್ತಿಗೂ 5! ಈ ಮಧ್ಯೆ ಅದರೊಳಗೆ 9.2ರಲ್ಲಿ (2012) ಒಂದೊಂದೇ ಸಾಲು ತರಿಸೋ ವಿಧಾನ ಬಂತು, 14ರಲ್ಲಿ (2021) ಪೈಪ್‌ಲೈನ್ ಬಂತು, 17ರಲ್ಲಿ (2024) ಸಾಲುಗಳನ್ನ ಕಂತು ಕಂತಾಗಿ ತರಿಸೋದು ಬಂತು. ಒಳಗಿನ ಸ್ಟ್ರಕ್ಟ್‌ಗೆ ಎಷ್ಟು ಫೀಲ್ಡ್ ಸೇರಿಸಿದ್ರೂ ಹೊರಗಿನವರಿಗೆ ಗೊತ್ತೇ ಆಗ್ಲಿಲ್ಲ, ಯಾಕಂದ್ರೆ ಹೊರಗೆ ಯಾರಿಗೂ ಅದರ ಅಳತೆ ಗೊತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಮೈಸೀಕ್ವೆಲ್‌ನ ನಂಬರ್ ಬದಲಾದಾಗೆಲ್ಲಾ ಸ್ಟ್ರಕ್ಟ್ ಒಂದೇ ಕಾರಣ ಅಲ್ಲ. ಅವರೂ ಕಷ್ಟಪಟ್ಟಿದ್ದಾರೆ. ಸ್ಟ್ರಕ್ಟ್‌ನ ಕೊನೆಗೆ 'ಎಕ್ಸ್‌ಟೆನ್ಶನ್' ಅಂತ ಒಂದು ವಾಯ್ಡ್ ಪಾಯಿಂಟರ್ ಇಟ್ಟು, ಹೊಸ ಫೀಲ್ಡ್‌ಗಳನ್ನ ಅದರ ಹಿಂದೆ ಮರೆಯಲ್ಲಿ ಇಡೋಕೆ ಶುರು ಮಾಡಿದ್ರು. ಅಂದ್ರೆ ಬಾಗಿಲು ತೆಗೆದಿಟ್ಟ ಮನೆಯವರೂ ಕೊನೆಗೆ ಹಿತ್ತಲಲ್ಲಿ ಬೀಗ ಹಾಕಿದ ಒಂದು ಕೋಣೆ ಕಟ್ಟಿಸಿದ್ರು :-)

ಮುಟ್ಟಿದ್ರೆ ಏನಾಗುತ್ತೆ?

ಇದೆಲ್ಲಾ ಪುಸ್ತಕದ ಬದನೆಕಾಯಿ ಅನ್ನಿಸಬಹುದು. ಹಾಗಾಗಿ ಕಣ್ಣಾರೆ ಕಂಡ ಒಂದು ಉದಾಹರಣೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಹಳೆಯ ಸಿ ಪ್ರೋಗ್ರಾಮ್ ಒಂದಿತ್ತು. ಅದರ ಒಂದು ಭಾಗವನ್ನ ಎಂದೋ ಹೊರಗಿನವರು ಬರೆದುಕೊಟ್ಟಿದ್ರು. ಸೋರ್ಸ್ ಯಾರ ಹತ್ರಾನೂ ಇರಲಿಲ್ಲ, ಕಂಪೈಲ್ ಆದ ಆಬ್ಜೆಕ್ಟ್ ಫೈಲ್ ಮಾತ್ರ ಇತ್ತು. ಅದು 5.7ರ ಹೆಡರ್ ಇಟ್ಟುಕೊಂಡು ಕಂಪೈಲ್ ಆಗಿದ್ದು. ಸರ್ವರ್ ಅಪ್‌ಗ್ರೇಡ್ ಟೀಮಿನವರು ಅದನ್ನೇ 8.0ರ ಲೈಬ್ರರಿ ಜೊತೆ ಲಿಂಕ್ ಮಾಡಿದ್ರು. ಲಿಂಕ್ ಆಯ್ತು, ಓಡಿತು, ಎಲ್ಲರೂ ಕಾಫಿಗೆ ಹೋದ್ರು.

ಆ ಹಳೆಯ ಕೋಡ್‌ನಲ್ಲಿ ಒಂದು ಅಪ್‌ಡೇಟ್ ಕ್ವೆರಿ, ಆಮೇಲೆ 'ಎಷ್ಟು ಸಾಲು ಬದಲಾಯ್ತು' ಅನ್ನೋ ಫೀಲ್ಡನ್ನ ಸ್ಟ್ರಕ್ಟ್‌ನಿಂದ ನೇರವಾಗಿ ಓದೋದು. ಸೊನ್ನೆ ಇದ್ರೆ ಹೊಸ ಗ್ರಾಹಕ ಅಂತ ಇನ್ಸರ್ಟ್ ಮಾಡೋದು. 8.0ರಲ್ಲಿ ಈ ಫೀಲ್ಡ್‌ಗಿಂತ ಮೊದಲು ಬರೋ 'ಮೆಮ್ ರೂಟ್', ಪೂರ್ತಿ ಸ್ಟ್ರಕ್ಟ್ ಆಗಿದ್ದಿದ್ದು ಬರೀ ಪಾಯಿಂಟರ್ ಆಗಿದೆ. ಹಾಗಾಗಿ ಅದರ ನಂತರದ್ದೆಲ್ಲಾ ಜಾಗ ಬದಲಾಯಿಸಿವೆ. ಹಳೆಯ ಕೋಡ್ ಹಳೆಯ ಜಾಗದಲ್ಲೇ ಕೈ ಹಾಕಿತು. ಅಲ್ಲಿದ್ದದ್ದು ಸೊನ್ನೆ ಅಲ್ಲದ ಏನೋ ಒಂದು. ಮೂರು ದಿನ ಹೊಸ ಗ್ರಾಹಕರ ಒಂದು ದಾಖಲೆಯೂ ಸೇರಲಿಲ್ಲ. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರ ಇಲ್ಲ! ಗ್ರಾಹಕರೇ ಫೋನ್ ಮಾಡಿದ ಮೇಲೆ ಗೊತ್ತಾಗಿದ್ದು.

ಅದೇ ಸಂಖ್ಯೆಯನ್ನ ಕೊಡೋಕೆ ಲೈಬ್ರರಿಯಲ್ಲಿ 'ಅಫೆಕ್ಟೆಡ್ ರೋಸ್' ಅನ್ನೋ ಫಂಕ್ಷನ್ ಇದೆ. ಅದನ್ನ ಕರೆದಿದ್ರೆ ಓದೋದು ಲೈಬ್ರರಿಯ ಒಳಗೇ ನಡೀತಿತ್ತು, ಸರಿಯಾದ ಜಾಗದಿಂದಲೇ. ಒಂದು ಫಂಕ್ಷನ್ ಕಾಲ್ ಉಳಿಸೋಕೆ ಹೋಗಿ ಮೂರು ದಿನದ ದಾಖಲೆ ಹೋಯ್ತು. ಬರೆದವರನ್ನ ಬೈಯೋಣ, ಸರಿ. ಆದ್ರೆ ಇದೇ ಕೋಡ್ ಲಿಬ್‌ಪಿಕ್ಯೂ ಮೇಲೆ ಬರೆದಿದ್ರೆ ಕಂಪೈಲೇ ಆಗ್ತಿರಲಿಲ್ಲ ಅನ್ನೋದನ್ನೂ ಯೋಚಿಸಿ.

ಗೋಡೆಗೆ ಮೊಳೆ

ಹಾಗಂತ ಮುಚ್ಚಿಟ್ಟರೆ ಮುಗೀತಾ? ಇಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಗೊತ್ತು. ಓನರ್ ಮೊದಲ ದಿನವೇ ಹೇಳ್ತಾರೆ: "ಗೋಡೆಗೆ ಮೊಳೆ ಹೊಡೀಬೇಡಿ". ಆದ್ರೆ ಮನೆಯಲ್ಲಿ ಒಂದು ಕೊಕ್ಕೆಯೂ ಇರಲ್ಲ. ಕ್ಯಾಲೆಂಡರ್ ಎಲ್ಲಿ ತೂಗು ಹಾಕೋದು? ಒಂದು ದಿನ ಮೊಳೆ ಬಿದ್ದೇ ಬೀಳುತ್ತೆ.

ಮೈಸೀಕ್ವೆಲ್ ಲೈಬ್ರರಿಯಲ್ಲಿ ನಡೆದದ್ದೂ ಇದೇ. ಒಂದೇ ಪ್ರೋಗ್ರಾಮ್ ಹತ್ತಾರು ಕನೆಕ್ಷನ್ ಕಾಯಬೇಕಾದ್ರೆ ಕೆಳಗಿನ ಸಾಕೆಟ್ ನಂಬರ್ ಬೇಕು. ಅದನ್ನ ಕೊಡೋ ಫಂಕ್ಷನ್ ಇರಲಿಲ್ಲ. ಜನ ಏನ್ ಮಾಡಿದ್ರು? ಕನೆಕ್ಷನ್ ಸ್ಟ್ರಕ್ಟ್ ಒಳಗಿನ 'ನೆಟ್' ಸ್ಟ್ರಕ್ಟ್, ಅದರೊಳಗಿನ 'ಎಫ್‌ಡಿ', ನೇರವಾಗಿ ಕೈ ಹಾಕಿ ತಗೊಂಡ್ರು. ಆ ಫೀಲ್ಡ್ ಪಕ್ಕ ಹೆಡರ್‌ನಲ್ಲೇ ಒಂದು ಟಿಪ್ಪಣಿ ಇದೆ, ಇದು ಪರ್ಲ್‌ನ ಡೇಟಾಬೇಸ್ ಡ್ರೈವರ್‌ಗಾಗಿ ಅಂತ. ಬಾಡಿಗೆದಾರ ಮೊಳೆ ಹೊಡೆದಿದ್ದಾನೆ, ಓನರ್ ಆ ಮೊಳೆ ಪಕ್ಕ ಪೆನ್ಸಿಲ್‌ನಲ್ಲಿ "ಇದು ಕ್ಯಾಲೆಂಡರ್‌ಗೆ" ಅಂತ ಬರೆದಿಟ್ಟಿದ್ದಾನೆ :-) ಇನ್ನು ಆ ಗೋಡೆ ಒಡೆಯೋ ಹಾಗಿಲ್ಲ.

ಲಿಬ್‌ಪಿಕ್ಯೂನಲ್ಲಿ ಇದಕ್ಕೇ 'ಪಿಕ್ಯೂ ಸಾಕೆಟ್' ಅಂತ ಫಂಕ್ಷನ್ ಇದೆ. ಮರಿಯಾಡಿಬಿಯವರೂ ತಮ್ಮ ಸಿ ಲೈಬ್ರರಿಯಲ್ಲಿ 'ಗೆಟ್ ಸಾಕೆಟ್' ಅಂತ ಕೊಟ್ಟಿದ್ದಾರೆ. ಕೊಕ್ಕೆ ಕೊಟ್ಟರೆ ಮೊಳೆ ಯಾರು ಹೊಡೀತಾರೆ? ಮುಚ್ಚಿಡೋ ಹಕ್ಕು ಬೇಕು ಅಂದ್ರೆ ಬಾಗಿಲು ಇಡೋ ಜವಾಬ್ದಾರಿಯೂ ಲೈಬ್ರರಿ ಬರೆಯೋರದ್ದೇ.

ಕನ್ನಡ ಎಲ್ಲಿ ಸಿಕ್ಕಿಬೀಳುತ್ತೆ

ಆ ಕನೆಕ್ಷನ್ ಸ್ಟ್ರಕ್ಟ್‌ನಲ್ಲಿ 'ಚಾರ್‌ಸೆಟ್' ಅಂತ ಒಂದು ಪಾಯಿಂಟರ್ ಇದೆ ಅಂದ್ನಲ್ಲ, ಕನ್ನಡಿಗರಾದ ನಾವು ಗಮನಿಸಬೇಕಾದ ಫೀಲ್ಡ್ ಅದೇ. ನೀವೇನೂ ಹೇಳದಿದ್ರೆ 8.0ಕ್ಕಿಂತ ಹಿಂದಿನ ಲೈಬ್ರರಿ ಅದನ್ನ ಲ್ಯಾಟಿನ್-1 ಅಂತ ಇಟ್ಟುಕೊಳ್ತಿತ್ತು. ಕನೆಕ್ಟ್ ಆಗುವಾಗ ಸರ್ವರ್‌ಗೂ ಅದನ್ನೇ ಹೇಳುತ್ತೆ. ಸರ್ವರ್ ಪಾಪ ವಿಧೇಯ. ಟೇಬಲ್‌ನಲ್ಲಿ ಸರಿಯಾಗಿ ಯುಟಿಎಫ್-8 ಆಗಿ ಕೂತಿರೋ ಕನ್ನಡವನ್ನ ಲ್ಯಾಟಿನ್-1ಗೆ ತಿರುಗಿಸೋಕೆ ನೋಡುತ್ತೆ, ಅಲ್ಲಿ ಕನ್ನಡ ಅಕ್ಷರವೇ ಇಲ್ಲ, ಪ್ರತಿಯೊಂದಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೊಟ್ಟು ಕಳಿಸುತ್ತೆ. ಬರೀ ಓದೋದಾದ್ರೆ ಪರವಾಗಿಲ್ಲ. ಓದಿದ್ದನ್ನ ತಿದ್ದಿ ಮತ್ತೆ ಸೇವ್ ಮಾಡಿದ್ರೆ ಆ ಪ್ರಶ್ನೆಗಳೇ ಶಾಶ್ವತ. ಮೂಲ ಅಕ್ಷರ ಯಾವುದಿತ್ತು ಅಂತ ಬ್ರಹ್ಮನೂ ಹೇಳಲಾರ.

ಇದಕ್ಕೆ ಬಹಳ ಜನ ಮಾಡೋ ಪರಿಹಾರ 'ಸೆಟ್ ನೇಮ್ಸ್' ಕ್ವೆರಿ. ಸರ್ವರ್ ಕಡೆ ಸರಿಹೋಗುತ್ತೆ. ಆದ್ರೆ ಅದು ಬರೀ ಒಂದು ಕ್ವೆರಿ ತಾನೇ? ಹಳೆಯ ಲೈಬ್ರರಿಯ ಸ್ಟ್ರಕ್ಟ್‌ನೊಳಗಿನ ಪಾಯಿಂಟರ್ ಹಾಗೇ ಲ್ಯಾಟಿನ್-1 ಕಡೆಗೇ ಬೆರಳು ತೋರಿಸ್ತಿರುತ್ತೆ. ಎಸ್ಕೇಪ್ ಮಾಡೋ ಫಂಕ್ಷನ್ ನೋಡೋದು ಈ ಪಾಯಿಂಟರನ್ನ. ಯುಟಿಎಫ್-8ನಲ್ಲಿ ಕನ್ನಡದ ಯಾವ ಬೈಟೂ ಕೊಟೇಶನ್ ಅಥವಾ ಬ್ಯಾಕ್‌ಸ್ಲ್ಯಾಶ್ ಆಗಲ್ಲ, ಹಾಗಾಗಿ ನಾವು ಬಚಾವ್. ಚೀನೀ ಭಾಷೆಯ ಜಿಬಿಕೆ, ಜಪಾನಿನ ಶಿಫ್ಟ್-ಜಿಸ್‌ನಲ್ಲಿ ಎರಡನೇ ಬೈಟ್ ಬ್ಯಾಕ್‌ಸ್ಲ್ಯಾಶ್ ಆಗಿರಬಹುದು. ಅಲ್ಲಿ ಇದೇ ವ್ಯತ್ಯಾಸ ಸೀಕ್ವೆಲ್ ಇಂಜೆಕ್ಷನ್‌ಗೆ ದಾರಿ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಸೆಟ್ ನೇಮ್ಸ್ ಬೇಡ, 'ಸೆಟ್ ಕ್ಯಾರೆಕ್ಟರ್ ಸೆಟ್' ಫಂಕ್ಷನ್ ಬಳಸಿ ಅಂತ ಹೇಳಿರೋದು. ಅದು ಎರಡೂ ಕಡೆ ಬದಲಾಯಿಸುತ್ತೆ.

ಪೋಸ್ಟ್‌ಗ್ರೆಸ್‌ನಲ್ಲಿ 7.4ರಿಂದಲೇ (2003) ಎನ್‌ಕೋಡಿಂಗ್ ಬದಲಾದಾಗ ಸರ್ವರ್ ತಾನೇ ಲೈಬ್ರರಿಗೆ ಸುದ್ದಿ ಕಳಿಸುತ್ತೆ. ನೀವು ಕ್ವೆರಿ ಮೂಲಕ ಬದಲಾಯಿಸಿದ್ರೂ ಸರಿ, ಪಿಜಿಕಾನ್ ಒಳಗಿನ ಎನ್‌ಕೋಡಿಂಗ್ ತಾನಾಗೇ ಹೊಂದಿಕೊಳ್ಳುತ್ತೆ. ಮೈಸೀಕ್ವೆಲ್‌ಗೆ ಈ ಥರ ಸುದ್ದಿ ಮುಟ್ಟಿಸೋ ವ್ಯವಸ್ಥೆ ಬಂದಿದ್ದು 5.7ರಲ್ಲಿ (2015).

ಇನ್ನೊಂದು ಮಾತು. ಈ ಲೈಬ್ರರಿಗಳು 'ಉದ್ದ' ಅಂತ ಹೇಳೋದೆಲ್ಲಾ ಬೈಟ್ ಲೆಕ್ಕದಲ್ಲಿ. 'ಕನ್ನಡ' ಅನ್ನೋ ಪದ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್‌ಗೆ ಐದು (ಕ, ನ, ವಿರಾಮ, ನ, ಡ). ಲೈಬ್ರರಿಗೆ ಹದಿನೈದು. ಹತ್ತು ಬೈಟ್ ಆದ ಮೇಲೆ ಕತ್ತರಿಸಿ ಅಂದ್ರೆ 'ಕನ್' ಆದ ಮೇಲೆ ಮುಂದಿನ ನಕಾರದ ಮೂರನೇ ಒಂದು ಭಾಗ ಉಳಿಯುತ್ತೆ!

ನೋಡೋದು ಯಾಕೆ ಬೇಕು

ಎಲ್ಲಾ ಮುಚ್ಚಿಟ್ಟ ಮೇಲೆ ನಮಗ್ಯಾಕೆ ಒಳಗಿನ ಸುದ್ದಿ ಅನ್ನೋರಿದ್ದಾರೆ. ನಾನು ಇದನ್ನ ಒಪ್ಪಲ್ಲ. ಗೋಡೆ ಸ್ಟ್ರಕ್ಟನ್ನ ಮರೆಮಾಡಬಹುದು, ಅದರ ಗುಣ ಮರೆಮಾಡೋಕೆ ಆಗಲ್ಲ.

ಮೈಸೀಕ್ವೆಲ್‌ನಲ್ಲಿ 'ಡೇಟಾ ಸೀಕ್' ಅಂತ ಇದೆ, ಇಂಥ ನಂಬರಿನ ಸಾಲಿಗೆ ಹೋಗು ಅಂತ. ಹೆಸರು ಕೇಳಿದ್ರೆ ಒಂದೇ ಹಾರು ಅನ್ನಿಸುತ್ತೆ. ಆದ್ರೆ ಒಳಗಿರೋದು ಲಿಂಕ್ಡ್ ಲಿಸ್ಟ್. ಪ್ರತಿ ಸಲವೂ ಮೊದಲಿಂದ ಎಣಿಸ್ತಾ ನಡೀಬೇಕು. ಒಂದು ಲಕ್ಷ ಸಾಲಿನ ರಿಸಲ್ಟ್‌ನಲ್ಲಿ ಪ್ರತಿ ಸಾಲಿಗೂ ಹೀಗೆ ಸೀಕ್ ಮಾಡಿದ್ರೆ ಸುಮಾರು 500 ಕೋಟಿ ಹೆಜ್ಜೆ! ಇದು ಗೊತ್ತಿದ್ದವರು 'ರೋ ಟೆಲ್', 'ರೋ ಸೀಕ್' ಬಳಸ್ತಾರೆ. ಅದು ನೋಡ್‌ನ ಪಾಯಿಂಟರನ್ನೇ ಪುಸ್ತಕದ ಗುರುತಿನ ಹಾಗೆ ಇಟ್ಟುಕೊಳ್ಳುತ್ತೆ. ಲಿಬ್‌ಪಿಕ್ಯೂನಲ್ಲಿ ಅರೇ ಇರೋದ್ರಿಂದ ಎಲ್ಲಿಗೆ ಬೇಕಾದ್ರೂ ಒಂದೇ ಹೆಜ್ಜೆ.

ನಲ್ ವಿಷಯ ನೋಡಿ. ಮೈಸೀಕ್ವೆಲ್ ನಲ್ ಪಾಯಿಂಟರನ್ನೇ ಕೊಡುತ್ತೆ. ಪರೀಕ್ಷಿಸದೆ ಬಳಸಿದ್ರೆ ಕ್ರ್ಯಾಶ್. ಲಿಬ್‌ಪಿಕ್ಯೂ ಪ್ರತಿ ರಿಸಲ್ಟ್‌ನಲ್ಲೂ ಒಂದು ಬೈಟಿನ ಖಾಲಿ ಸ್ಟ್ರಿಂಗ್ ಇಟ್ಟುಕೊಂಡು ಎಲ್ಲಾ ನಲ್‌ಗಳನ್ನೂ ಅದರತ್ತ ತಿರುಗಿಸುತ್ತೆ. 'ಗೆಟ್ ಈಸ್ ನಲ್' ಅಂತ ಕೇಳದಿದ್ರೆ 'ಗೊತ್ತಿಲ್ಲ' ಅನ್ನೋದು ಸದ್ದಿಲ್ಲದೆ 'ಖಾಲಿ' ಆಗುತ್ತೆ. ಇಲ್ಲಿ ನನ್ನ ಮತ ಮೈಸೀಕ್ವೆಲ್‌ಗೆ. ಸದ್ದಿಲ್ಲದೆ ಸುಳ್ಳು ಹೇಳೋದಕ್ಕಿಂತ ಕಿರುಚಿ ಬೀಳೋದು ವಾಸಿ.

ಇನ್ನು 'ಯೂಸ್ ರಿಸಲ್ಟ್'. ಅದೇ ರಿಸಲ್ಟ್ ಸ್ಟ್ರಕ್ಟ್, ಆದ್ರೆ ಡೇಟಾ ಪಾಯಿಂಟರ್ ನಲ್. ಅಂದ್ರೆ ಸಾಲುಗಳು ಇನ್ನೂ ತಂತಿಯ ಮೇಲಿವೆ, ಒಂದೊಂದೇ ಎಳೆದುಕೋ ಅಂತ. ಇದು ಗೊತ್ತಿದ್ರೆ ಎಲ್ಲಾ ಸಾಲು ಓದೋ ಮುಂಚೆ ಇನ್ನೊಂದು ಕ್ವೆರಿ ಕಳಿಸಿದಾಗ 2014ನೇ ನಂಬರಿನ ಎರರ್ ಯಾಕೆ ಬರುತ್ತೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಈ ಎರಡು ಲೈಬ್ರರಿಗಳ ಸೋರ್ಸ್ ಕೋಡೂ ಎಲ್ಲರಿಗೂ ತೆರೆದಿದೆ. ಲ್ಯಾಬ್‌ನಲ್ಲಿ ಲಿಂಕ್ಡ್ ಲಿಸ್ಟ್ ಬರೆಸಿದ್ರು, ವೈವಾದಲ್ಲಿ "ಇದರ ಉಪಯೋಗ ಏನಪ್ಪಾ" ಅಂತ ಕೇಳಿದ್ರು, ನಾವೂ ಪುಸ್ತಕದಲ್ಲಿದ್ದ ನಾಲ್ಕು ಸಾಲು ಒಪ್ಪಿಸಿದ್ವಿ. ನಿಜವಾದ ಉತ್ತರ ಇಲ್ಲಿದೆ: ಎಷ್ಟು ಸಾಲು ಬರುತ್ತೆ ಅಂತ ಮೊದಲೇ ಗೊತ್ತಿಲ್ಲದಾಗ ಒಬ್ಬರು ಲಿಸ್ಟ್ ಆರಿಸಿದ್ರು, ಇನ್ನೊಬ್ಬರು ದುಪ್ಪಟ್ಟಾಗೋ ಅರೇ ಆರಿಸಿದ್ರು, ಇಬ್ಬರಿಗೂ ಅವರವರ ಲಾಭ ನಷ್ಟ ಸಿಕ್ಕಿತು. ಡೇಟಾ ಸ್ಟ್ರಕ್ಚರ್ ಪಾಠ ಮಾಡೋ ಮೇಷ್ಟ್ರುಗಳು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ವಿನಂತಿ. ಮುಂದಿನ ಸಲ ಒಂದು ಕ್ಲಾಸ್‌ನಲ್ಲಿ ಈ ಎರಡು ಸ್ಟ್ರಕ್ಟ್‌ಗಳನ್ನ ಪಕ್ಕಪಕ್ಕ ಇಟ್ಟು ತೋರಿಸಿ.

ನಿಮ್ಮ ಕೋಡ್‌ನಲ್ಲಿ ಕನೆಕ್ಷನ್ ಸ್ಟ್ರಕ್ಟ್‌ನ ಫೀಲ್ಡ್‌ಗಳನ್ನ ನೇರವಾಗಿ ಓದೋ ಸಾಲುಗಳು ಇವೆಯಾ ಅಂತ ಒಂದ್ಸಲ ಗ್ರೆಪ್ ಮಾಡಿ ನೋಡಿ. ಸಿಕ್ಕಿದ್ರೆ ಫಂಕ್ಷನ್‌ಗೆ ಬದಲಾಯಿಸಿ, ಜೊತೆಗೆ ಕ್ಯಾರೆಕ್ಟರ್ ಸೆಟ್ ಎಲ್ಲಿ ಹೇಳಿದ್ದೀರಿ ಅಂತಲೂ ನೋಡ್ಕೊಳ್ಳಿ. ಸ್ಟ್ರಕ್ಟ್‌ಗಳು ಬಿಚ್ಚಿಟ್ಟಂಗೇ ಇರ್ಲಿ ಅನ್ನೋ ವಾದ ಇರೋರೂ ಧಾರಾಳವಾಗಿ ಬರೀರಿ, ಜಗಳ ಆಡೋಣ :-)